ಕೌನ್ಸಿಲ್ ಟ್ಯಾಕ್ಸ್ ಮತ್ತೆ ಏರಿದೆ. ಯಾರು, ಯಾವ ಲೆಕ್ಕದಲ್ಲಿ ಏರಿಸ್ತಾರೆ ಇದನ್ನ?

ಹೇಮಾವತಿ ದಂಡೆ | 18 ಮಾರ್ಚ್ 2025, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಆರು ತಿಂಗಳಾಯ್ತು. ಹೆಂಡತಿಗೆ ಇಲ್ಲಿ ಎಂಎಸ್ಸಿ ಸೀಟು ಸಿಕ್ತು, ನನಗೂ ಅದೇ ಊರಲ್ಲಿ ಕೆಲಸ ಸಿಕ್ತು. ಎರಡು ರೂಮಿನ ಬಾಡಿಗೆ ಮನೆ. ಇವತ್ತು ಸಂಜೆ ಬಾಗಿಲು ತೆಗೆದ್ರೆ ಕಾಲಡಿ ಕಂದು ಲಕೋಟೆ. 2025-26ರ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಅಂದ್ರೆ ಇಲ್ಲಿನ ಪುರಸಭೆ (ಕೌನ್ಸಿಲ್) ಹಾಕೋ ಮನೆ ಕಂದಾಯ. ಬ್ಯಾಂಡ್ ಸಿ (ಮನೆ ಬೆಲೆ ನೋಡಿ ಎಯಿಂದ ಎಚ್‌ವರೆಗೆ ಹಾಕೋ ದರ್ಜೆ), 2,030 ಪೌಂಡ್. ಈ ವರ್ಷದ್ದು 1,934 ಇತ್ತು. ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ಶೇ 5 ಜಾಸ್ತಿ. ಆಫೀಸಲ್ಲಿ ಕೇಳಿದ್ರೆ ಬೇರೆ ಬೇರೆ ಊರಲ್ಲಿ ಇರೋ ಮೂರು ಜನರಿಗೂ ಅದೇ 4.99! ಎಲ್ಲ ಕೌನ್ಸಿಲ್‌ನವರೂ ಸೇರಿ ಮಾತಾಡಿಕೊಂಡಿದಾರಾ?

ಇನ್ನೊಂದು. ಸಕಲೇಶಪುರದಲ್ಲಿ ನಮ್ಮಪ್ಪ ಏಪ್ರಿಲ್ ಬಂತೂಂದ್ರೆ ಪುರಸಭೆಗೆ ಹೋಗಿ ಕಂದಾಯ ಕಟ್ಟಿ, ಶೇ 5 ರಿಯಾಯಿತಿ ತಗೊಂಡು, ರಸೀದಿಯನ್ನ ದೇವರ ಮನೆ ಡ್ರಾಯರಲ್ಲಿ ಇಡ್ತಾರೆ. ಬಾಡಿಗೆಗೆ ಇರೋರಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಮನೆ ಯಾರದ್ದೋ, ಕಂದಾಯ ನಾನು ಯಾಕೆ ಕಟ್ಟಬೇಕು? ಬಿಲ್ಲಲ್ಲಿ ‘ಅಡಲ್ಟ್ ಸೋಷಿಯಲ್ ಕೇರ್’ ಅಂತ ಬೇರೆ ಒಂದು ಸಾಲು ಇದೆ, ಅದೇನು? ತಿಳಿದೋರು ಹೇಳಿ.

ನೇತ್ರಾವತಿ ತೀರ | 18 ಮಾರ್ಚ್, ರಾತ್ರಿ 9:31

ಸ್ವಾಗತ ಮಾರಾಯ್ರೆ. ಮಾರ್ಚ್ ತಿಂಗಳಲ್ಲಿ ಇಲ್ಲಿ ಡ್ಯಾಫೊಡಿಲ್ ಅರಳುವುದು, ಈ ಲಕೋಟೆ ಬರುವುದು, ಎರಡೂ ಒಟ್ಟಿಗೆ. ಇಲ್ಲಿ ತೆರಿಗೆ ಮನೆ ಯಜಮಾನನಿಗಲ್ಲ, ಮನೆಯಲ್ಲಿ ವಾಸ ಇರುವವರಿಗೆ. ಕಸ ನಿಮ್ಮದು, ಬೀದಿದೀಪ ನಿಮಗೆ, ಲೈಬ್ರರಿ ನಿಮಗೆ, ಹಾಗಾಗಿ ಬಿಲ್ಲೂ ನಿಮಗೆ.

‘ಸೋಷಿಯಲ್ ಕೇರ್’ ಸಾಲು ನೋಡಿ ಹೆದರಬೇಡಿ. ಅಪ್ಪನವರ ರಸೀದಿ ತೆಗೆದು ನೋಡಲು ಹೇಳಿ. ಅದರಲ್ಲಿ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಉಂಟು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು ಅದು. ಇಲ್ಲಿ ವಯಸ್ಸಾದವರ ಆರೈಕೆಗೆ ಅಂತ 2016ರಿಂದ ಸಾಲು ಸೇರಿಸಿದ್ದಾರೆ, ಅಷ್ಟೇ.

ಲೆಕ್ಕಪತ್ರ | 18 ಮಾರ್ಚ್, ರಾತ್ರಿ 10:48

ನಾನು ಒಂದು ಕೌನ್ಸಿಲ್‌ನ ಹಣಕಾಸು ವಿಭಾಗದಲ್ಲೇ ಹನ್ನೊಂದು ವರ್ಷದಿಂದ ಇದ್ದೀನಿ. ಯಾವುದು ಅಂತ ಕೇಳಬೇಡಿ. ಫೆಬ್ರವರಿ ಪೂರ್ತಿ ಮನೆ ಮುಖ ನೋಡಿಲ್ಲ, ಈಗ ಪುರುಸೊತ್ತಾಗಿದೆ, ಸ್ವಲ್ಪ ಉದ್ದಕ್ಕೇ ಬರೀತೀನಿ.

4.99 ಯಾಕೆ ಅಂದ್ರೆ, 5 ಮುಟ್ಟಿದ್ರೆ ಜನಮತ ತಗೋಬೇಕು. 2011ರ ಲೋಕಲಿಸಂ ಕಾಯ್ದೆ ಪ್ರಕಾರ ಸರ್ಕಾರ ಪ್ರತಿ ವರ್ಷ ಒಂದು ಮಿತಿ ಹಾಕುತ್ತೆ. ಆರೈಕೆಯ ಜವಾಬ್ದಾರಿ ಇರೋ ಕೌನ್ಸಿಲ್‌ಗಳಿಗೆ 2023ರಿಂದ ಅದು ಶೇ 5: ಸಾಮಾನ್ಯ ಖರ್ಚಿಗೆ 3, ಆರೈಕೆಗೆ 2. ಅದನ್ನ ದಾಟಬೇಕಾದ್ರೆ ಊರವರ ಮತ ಕೇಳಬೇಕು. ಇದುವರೆಗೆ ಹಾಗೆ ಕೇಳಿದ್ದು ಒಂದೇ ಸಲ. 2015ರಲ್ಲಿ ಬೆಡ್‌ಫರ್ಡ್‌ಶೈರ್‌ನಲ್ಲಿ ಪೊಲೀಸ್ ಪಾಲನ್ನ ಶೇ 15.8 ಏರಿಸ್ತೀವಿ ಅಂದ್ರು, ಜನ ಒಪ್ಪಲಿಲ್ಲ. 2017ರಲ್ಲಿ ಸರ್ರೆ ಶೇ 15ಕ್ಕೆ ಹೊರಟು, ಮತದಾನಕ್ಕೆ ಮೊದಲೇ ಹಿಂದೆ ಸರೀತು. ಆಮೇಲೆ ಆ ದಾರಿಗೆ ಯಾರೂ ತಲೆ ಹಾಕಿಲ್ಲ. ಮಾತಾಡಿಕೊಂಡಿದ್ದಲ್ಲ, ಎಲ್ಲರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದಾರೆ.

ಇನ್ನು ಬಜೆಟ್ ಹೇಗೆ ಕಟ್ತೀವಿ. ನಮ್ಮೂರ ಕಡೆ ಪತ್ರಿಕೇಲಿ ‘ಪುರಸಭೆಯಿಂದ ಉಳಿತಾಯ ಬಜೆಟ್’ ಅಂತ ಬರುತ್ತಲ್ಲ, ಇಲ್ಲಿ ಆ ಹೆಡ್ಡಿಂಗಿಗೆ ಜಾಗವೇ ಇಲ್ಲ. ಕೊರತೆ ಬಜೆಟ್ ಮಂಡಿಸೋ ಹಾಗಿಲ್ಲ, ದಿನನಿತ್ಯದ ಖರ್ಚಿಗೆ ಸಾಲ ಮಾಡೋ ಹಾಗೂ ಇಲ್ಲ. ಮೊದಲು ಖರ್ಚು ಬರ್ಕೋತೀವಿ. ಅದರಲ್ಲಿ ಸರ್ಕಾರದ ಅನುದಾನ, ಅಂಗಡಿ-ಕಚೇರಿಗಳ ಬಿಸಿನೆಸ್ ರೇಟ್ಸ್‌ನಲ್ಲಿ ನಮ್ಮ ಪಾಲು, ಪಾರ್ಕಿಂಗ್ ಶುಲ್ಕ, ಇವನ್ನೆಲ್ಲ ಕಳೀತೀವಿ. ಉಳಿದದ್ದನ್ನ ಮನೆಗಳ ಮೇಲೆ ಹಂಚ್ತೀವಿ. ಆ ಉಳಿದ ಮೊತ್ತವೇ ನಿಮ್ಮ ಲಕೋಟೆ. ಮಾರ್ಚ್ 11ರೊಳಗೆ ಇದೆಲ್ಲ ಪಾಸಾಗಲೇಬೇಕು.

ಶೇ 1 ಏರಿಸಿದ್ರೆ ಎಷ್ಟು ಬರುತ್ತೆ ಗೊತ್ತಾ? ಒಂದು ಮಧ್ಯಮ ಊರು, ಎಲ್ಲ ಮನೆಗಳನ್ನ ಬ್ಯಾಂಡ್ ಡಿಗೆ ಸಮ ಮಾಡಿದ್ರೆ 60,000 ಮನೆ, ಮನೆಗೆ 1,800 ಪೌಂಡ್ ಅಂತ ಇಟ್ಕೊಳ್ಳಿ. ಶೇ 1 ಅಂದ್ರೆ ಮನೆಗೆ 18, ಊರಿಗೆ 10 ಲಕ್ಷ 80 ಸಾವಿರ ಪೌಂಡ್. ದೊಡ್ಡ ದುಡ್ಡು ಅನ್ಸುತ್ತೆ. ಆದ್ರೆ ಅಪ್ಪ-ಅಮ್ಮನ ಹತ್ರ ಬಿಡೋಕೆ ಆಗದ ಒಂದು ಮಗುವನ್ನ ಆಶ್ರಯ ಮನೇಲಿ ಇಟ್ರೆ ವಾರಕ್ಕೆ ಐದಾರು ಸಾವಿರ ಪೌಂಡ್ ಬಿಲ್ಲು ಬರೋದನ್ನ ನಾನೇ ನೋಡ್ತೀನಿ. ವರ್ಷಕ್ಕೆ 2 ಲಕ್ಷ 86 ಸಾವಿರ ಅಂತ ಹಿಡೀರಿ. ಅಂಥ ನಾಲ್ಕು ಮಕ್ಕಳು ಬಂದ್ರೆ ಶೇ 1 ಪೂರ್ತಿ ಖಾಲಿ. ನಾಲ್ಕೇ ಮಕ್ಕಳು! ಬೇಡ ಅನ್ನೋ ಹಾಗಿಲ್ಲ, ಅನ್ನಲೂಬಾರದು.

ಶಾಲೆ ಖರ್ಚು ಬಿಟ್ರೆ, ಇಂಥ ಕೌನ್ಸಿಲ್‌ಗಳ ದುಡ್ಡಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗೋದು ವೃದ್ಧರು, ಅಂಗವಿಕಲರು, ಮಕ್ಕಳ ಆರೈಕೆಗೆ. ನಿಮ್ಮ ಕಣ್ಣಿಗೆ ಬೀಳೋ ರಸ್ತೆ, ಕಸ, ಪಾರ್ಕು, ಲೈಬ್ರರಿ ಎಲ್ಲ ಸೇರಿ ಉಳಿದ ಚೂರು. ಈ ಏಪ್ರಿಲ್‌ನಿಂದ ಕನಿಷ್ಠ ಕೂಲಿ ಗಂಟೆಗೆ 11.44ರಿಂದ 12.21 ಆಗುತ್ತೆ. ಆರೈಕೆ ಮನೆಗಳಲ್ಲಿ ಕೆಲಸ ಮಾಡೋರಿಗೆ ಅದು ಸಿಗಲೇಬೇಕು, ಅವರ ಬಿಲ್ಲು ನಮಗೆ ಬರುತ್ತೆ, ನಮ್ಮ ಬಿಲ್ಲು ನಿಮಗೆ.

ಖಾಲಿ ಪರ್ಸು | 18 ಮಾರ್ಚ್, ರಾತ್ರಿ 11:20

ಚೆನ್ನಾಗಿದೆ ಕಥೆ. ನಮ್ಮ ರಸ್ತೇಲಿ ಗುಂಡಿ ಬಿದ್ದು ಎರಡು ಚಳಿಗಾಲ ಆಯ್ತು, ಸುತ್ತ ಹಳದಿ ಬಣ್ಣ ಬಳಿದು ಹೋಗಿದಾರೆ, ಗುಂಡಿಗೆ ಕುಂಕುಮ ಇಟ್ಟಂಗೆ. ತೋಟದ ಕಸಕ್ಕೆ ಬೇರೆ ದುಡ್ಡು. ನಾನಂತೂ ಡೈರೆಕ್ಟ್ ಡೆಬಿಟ್ ಕ್ಯಾನ್ಸಲ್ ಮಾಡ್ತೀನಿ. ಎಲ್ಲರೂ ಮಾಡಿದ್ರೆ ಬುದ್ಧಿ ಬರುತ್ತೆ.

ಧಾರವಾಡದಾಂವ | 19 ಮಾರ್ಚ್, ಬೆಳಗ್ಗೆ 6:55

ತಮ್ಮಾ, ಹಂಗ ಮಾಡಬ್ಯಾಡ. ನಾ ಈ ದೇಶಕ್ಕ ಬಂದದ್ದು 1989ರಾಗ, ದವಾಖಾನಿ ಕೆಲಸಕ್ಕ. ಮುಂದಿನ ವರ್ಷನ ಥ್ಯಾಚರ್ ಬಾಯಿ ಇಂಗ್ಲೆಂಡಿಗೆ ಪೋಲ್ ಟ್ಯಾಕ್ಸ್ ತಂದ್ಳು. ಸ್ಕಾಟ್ಲೆಂಡಿನಾಗ ಒಂದ್ ವರ್ಷ ಮೊದಲ ಬಂದಿತ್ತು. ತಲಿಗಿಷ್ಟು ಅಂತ ಕಂದಾಯ. ಅರಮನ್ಯಾಗ ಇದ್ದಾಂವಗೂ ಅಷ್ಟ, ಆ ಅರಮನಿ ನೆಲ ಒರಸಾಕಿಗೂ ಅಷ್ಟ. ಮಂದಿ ಬಿಲ್ಲು ಸುಟ್ರು, ಕಟ್ಟಂಗಿಲ್ಲ ಅಂದ್ರು. 1990ರ ಮಾರ್ಚ್ 31ಕ್ಕ ಟ್ರಫಾಲ್ಗರ್ ಚೌಕದಾಗ ದೊಡ್ಡ ಗಲಾಟಿ ಆತು, ಅದ ನವೆಂಬರಿನಾಗ ಬಾಯಿ ಕುರ್ಚಿ ಬಿಟ್ಳು. ಅದರ ಬದ್ಲಿ 1993ರಾಗ ಬಂದದ್ದ ಈ ಕೌನ್ಸಿಲ್ ಟ್ಯಾಕ್ಸ್. ಆದ್ರ ಅವತ್ತು ಲಕ್ಷಾಂತರ ಮಂದಿ ಕೂಡಿ ನಿಂತಿದ್ರು. ನೀ ಒಬ್ಬಾಂವ ನಿಂತ್ರ ಕೋರ್ಟಿನ ನೋಟೀಸಷ್ಟ ಬರ್ತದ.

ಶೇ 5ಕ್ಕ ಇಷ್ಟ ಬಡ್ಕೊಂತೀರಿ, ದಿವಾಳಿ ಆದ ಊರಿನ ಮಂದೀನ ಕೇಳ್ರಿ. ಕ್ರಾಯ್ಡನ್‌ನಾಗ 2023ಕ್ಕ ಶೇ 15 ಏರ್ತು. ಸ್ಲೌ, ಥರ್ರಕ್ ಎರಡೂ ಕಡೆ 10. ಬರ್ಮಿಂಗ್‌ಹ್ಯಾಮ್‌ನಾಗ ಹ್ವಾದ ವರ್ಷ 9.99, ಈ ವರ್ಷ ಅದರ ಮ್ಯಾಲ 7.49, ಅದರಾಗ ಈ ತಿಂಗಳ 11ರಿಂದ ಕಸದವರ ಪೂರ್ತಿ ಮುಷ್ಕರ ಬ್ಯಾರೆ.

ಲೆಕ್ಕಪತ್ರ | 19 ಮಾರ್ಚ್, ಬೆಳಗ್ಗೆ 8:05

ಡಾಕ್ಟರ್ ಸಾಹೇಬ್ರು ಹೇಳಿದ್ದು ಸರಿ. ಖಾಲಿ ಪರ್ಸು ಅವರೇ, ಒಂದು ಕಂತು ತಪ್ಪಿದ್ರೆ ಏಳು ದಿನದ ನೆನಪೋಲೆ ಬರುತ್ತೆ. ಅದಕ್ಕೂ ಕಟ್ಟದಿದ್ರೆ ಕಂತಿನ ಹಕ್ಕೇ ಹೋಗಿ ವರ್ಷದ್ದೆಲ್ಲ ಒಂದೇ ಸಲ ಕೇಳ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು, ಅದರ ಖರ್ಚೂ ನಿಮ್ಮ ತಲೆಗೆ, ಆಮೇಲೆ ಜಪ್ತಿಯವರು. ಇಂಗ್ಲೆಂಡಲ್ಲಿ ಬೇಕಂತಲೇ ಕಟ್ಟದೆ ಇದ್ರೆ ಮೂರು ತಿಂಗಳವರೆಗೆ ಜೈಲಿಗೆ ಹಾಕೋ ಅಧಿಕಾರ ಇನ್ನೂ ಇದೆ. ವೇಲ್ಸ್ 2019ರಲ್ಲೇ ಅದನ್ನ ತೆಗೆದುಹಾಕ್ತು. ಕಷ್ಟ ಇದ್ರೆ ಮೊದಲೇ ಫೋನ್ ಮಾಡಿ, ಹತ್ತು ಕಂತಿನ ಬದಲು ಹನ್ನೆರಡು ಕೇಳಿ, ಕೊಡಲೇಬೇಕು.

ದಿವಾಳಿ ಅನ್ನೋ ಪದ ಸ್ವಲ್ಪ ಬಿಗಿ. ಕಾನೂನು ಪ್ರಕಾರ ಕೌನ್ಸಿಲ್ ದಿವಾಳಿ ಆಗಲ್ಲ. 1988ರ ಕಾಯ್ದೆಯ 114ನೇ ಕಲಂ ಅಡಿ ಹಣಕಾಸು ಮುಖ್ಯಸ್ಥರು ನೋಟೀಸ್ ಕೊಡ್ತಾರೆ: ಹೊಸ ಖರ್ಚು ನಿಲ್ಸಿ ಅಂತ. ಬರ್ಮಿಂಗ್‌ಹ್ಯಾಮ್ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟಿದ್ದು ಅದೇ. ಅಲ್ಲಿ ಹೆಂಗಸರಿಗೆ ಸಮಾನ ವೇತನದ ಬಾಕಿಯನ್ನೇ ಆಗ 76 ಕೋಟಿ ಪೌಂಡ್‌ವರೆಗೂ ಅಂದಾಜು ಮಾಡಿದ್ರು. ವೋಕಿಂಗ್‌ದು ಇನ್ನೊಂದು ಥರ. ಲಕ್ಷ ಚಿಲ್ಲರೆ ಜನ ಇರೋ ಊರು, ಸಾಲ ತಂದು ಗೋಪುರ, ಹೋಟೆಲ್ ಕಟ್ಟಿ, 2023ರ ಜೂನ್‌ನಲ್ಲಿ 120 ಕೋಟಿ ಪೌಂಡ್ ಕೊರತೆ ತೋರಿಸ್ತು. ಆ ಸಂಖ್ಯೆ ಮೊದಲು ಓದಿದಾಗ ದಶಾಂಶ ಚುಕ್ಕಿ ತಪ್ಪಿದೆ ಅಂದ್ಕೊಂಡಿದ್ದೆ.

ಕ್ರಾಯ್ಡನ್, ಬರ್ಮಿಂಗ್‌ಹ್ಯಾಮ್ ಅಂಥವರು ಜನಮತ ಇಲ್ಲದೆ ಮಿತಿ ದಾಟಿದ್ದು ಸರ್ಕಾರದ ವಿಶೇಷ ಅನುಮತಿಯಿಂದ. ಅದೇ ಥರ ಅನುಮತಿ ಕೇಳಿ ಈ ವರ್ಷ ವಿಂಡ್ಸರ್-ಮೇಡನ್‌ಹೆಡ್ ಶೇ 25 ಏರಿಸ್ತೀವಿ ಅಂದ್ರು. ಸರ್ಕಾರ 8.99ಕ್ಕೆ ನಿಲ್ಲಿಸ್ತು.

ತುಂಗೆ ನೀರು | 19 ಮಾರ್ಚ್, ಮಧ್ಯಾಹ್ನ 1:15

ನಾನು ಈ ಸಲ ನಮ್ಮೂರ ಕೌನ್ಸಿಲ್‌ನ ಬಜೆಟ್ ಸಭೆಗೆ ಹೋಗಿದ್ದೆ, ಸಾರ್ವಜನಿಕರ ಗ್ಯಾಲರಿಗೆ. ಯಾರು ಬೇಕಾದ್ರೂ ಹೋಗಬಹುದು, ಕೇಳೋರಿಲ್ಲ. ಮಗಳು ಶನಿವಾರ ಹೋಗೋ ಲೈಬ್ರರೀನ ಶನಿವಾರವೇ ಮುಚ್ತಾರೆ ಅಂತ ಸುದ್ದಿ ಇತ್ತು, ಅದಕ್ಕೆ ಹೋದೆ. ಗ್ಯಾಲರಿಯಲ್ಲಿ ನಾನು, ಇಬ್ಬರು ಲೈಬ್ರರಿ ಹೆಂಗಸರು, ಸ್ಯಾಂಡ್‌ವಿಚ್ ತಿಂತಾ ಕೂತಿದ್ದ ಒಬ್ಬ ತಾತ. ಅಷ್ಟೇ ಜನ.

ಮೇಯರ್ ಕೊರಳಲ್ಲಿ ದಪ್ಪ ಸರ, ಬಗ್ಗಿ ಕಾಗದ ಓದುವಾಗೆಲ್ಲ ಮೈಕಿಗೆ ತಾಗಿ ಟಣ್ ಅಂತಿತ್ತು. (ಲ್ಯಾಂಬೆತ್‌ನಲ್ಲಿ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲರು 2010ರಲ್ಲಿ ಹಾಕ್ಕೊಂಡಿದ್ದೂ ಇಂಥದ್ದೇ ಸರ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಓಡಾಡಿದವರು ಅವರೇ.) ಶುರುವಿಗೆ ಒಬ್ಬ ಅಧಿಕಾರಿ ಎದ್ದು, ‘ಎರಡು ತಿಂಗಳಿಂದ ಕೌನ್ಸಿಲ್ ಟ್ಯಾಕ್ಸ್ ಬಾಕಿ ಇರೋ ಸದಸ್ಯರು ಹೇಳಬೇಕು, ಅವರು ಮತ ಹಾಕೋ ಹಾಗಿಲ್ಲ’ ಅಂದ್ರು. 1992ರ ಕಾಯ್ದೆಯ 106ನೇ ಕಲಂ ಅಂತೆ. ಎಲ್ಲರೂ ಮೇಜು ನೋಡ್ತಾ ಕೂತ್ರು. ಯಾರೂ ಏಳಲಿಲ್ಲ. ನಮ್ಮೂರಲ್ಲಿ ಈ ನಿಯಮ ತಂದ್ರೆ ಕೋರಂ ಆಗುತ್ತಾ ಅಂತ ನಗು ಬಂತು.

ಆರೈಕೆಗೆ ಕೋಟಿಗಟ್ಟಲೆ ಪೌಂಡ್ ಇರೋ ಪುಟ ಬಂತು, ತಿರುಗಿಸಿದ್ರು, ಒಬ್ಬರೂ ಬಾಯಿ ಬಿಡಲಿಲ್ಲ. ಲೈಬ್ರರಿಯ ಶನಿವಾರ ಬಂತು, 38,000 ಪೌಂಡ್ ಬಾಬ್ತು. ಒಂದೂಕಾಲು ಗಂಟೆ ಜಗಳ! ವಿರೋಧ ಪಕ್ಷದವರು ಕೌನ್ಸಿಲ್‌ನ ಪತ್ರಿಕೆ ಅಚ್ಚು ಹಾಕೋದು ನಿಲ್ಲಿಸಿ ಆ ದುಡ್ಡು ಲೈಬ್ರರಿಗೆ ಕೊಡಿ ಅಂತ ತಿದ್ದುಪಡಿ ತಂದ್ರು. ಕೊನೆಗೆ ಒಬ್ಬೊಬ್ಬರ ಹೆಸರು ಕರೆದು ಪರ, ವಿರೋಧ, ತಟಸ್ಥ ಅಂತ ಬರ್ಕೊಂಡ್ರು. ತಿದ್ದುಪಡಿ ಬಿತ್ತು, ಬಜೆಟ್ ಪಾಸಾಯ್ತು, 4.99. ಲೈಬ್ರರಿ ಹೆಂಗಸರಲ್ಲಿ ಒಬ್ಬರು ಕೋಟು ಹಾಕ್ಕೊಳ್ತಾ ‘ಭಾನುವಾರ ಮುಚ್ಚಿದಾಗಲೂ ಹೀಗೇ ಚೆನ್ನಾಗಿ ಮಾತಾಡಿದ್ರು’ ಅಂದ್ರು.

ಲೆಕ್ಕಪತ್ರ | 19 ಮಾರ್ಚ್, ಮಧ್ಯಾಹ್ನ 1:40

ಹೆಸರು ಕರೆದು ಮತ ಹಾಕಿಸೋದು 2014ರಿಂದ ಕಡ್ಡಾಯ. ಯಾರು ಕೈ ಎತ್ತಿದ್ರು ಅಂತ ಮುಂದೆ ಸುಳ್ಳು ಹೇಳೋ ಹಾಗಿಲ್ಲ. ಸಭೆಯ ನಡಾವಳಿ ಓದಿ, ಅದರಲ್ಲಿ ಎಲ್ಲರ ಹೆಸರೂ ಇರುತ್ತೆ.

ಖಾಲಿ ಪರ್ಸು | 19 ಮಾರ್ಚ್, ಸಂಜೆ 5:30

ಡೈರೆಕ್ಟ್ ಡೆಬಿಟ್ ಬಿಟ್ಟಿದೀನಿ, ಹೆದರಬೇಡಿ. ಆದ್ರೆ ಇದಕ್ಕೆ ಉತ್ತರ ಕೊಡಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬ್ಯಾಂಡ್ ಡಿಗೆ ಸಾವಿರ ಪೌಂಡ್ ಆಸುಪಾಸು. ನಾಟಿಂಗ್‌ಹ್ಯಾಮ್‌ನಲ್ಲಿ ಎರಡೂವರೆ ಸಾವಿರ ದಾಟುತ್ತೆ. ಅರಮನೆ ಪಕ್ಕದ ಫ್ಲಾಟಿಗೆ ಕಮ್ಮಿ, ಕೂಲಿಯವರ ಮನೆಗೆ ಜಾಸ್ತಿ. ಪೋಲ್ ಟ್ಯಾಕ್ಸ್ ಹೋಗಿ ಏನು ಬಂದಂಗಾಯ್ತು?

ಲೆಕ್ಕಪತ್ರ | 19 ಮಾರ್ಚ್, ರಾತ್ರಿ 9:02

ಇದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ. ವೆಸ್ಟ್‌ಮಿನ್‌ಸ್ಟರ್‌ಗೆ ಪಾರ್ಕಿಂಗ್, ವ್ಯಾಪಾರದ ಕಡೆಯಿಂದ ಬರೋ ಆದಾಯ ಬೇರೆ ಊರಿಗೆ ಕನಸಲ್ಲೂ ಇಲ್ಲ. ಅದಕ್ಕಿಂತ ದೊಡ್ಡ ಐಬು ಬ್ಯಾಂಡ್‌ನಲ್ಲಿದೆ. ನಿಮ್ಮ ಮನೆ ಬ್ಯಾಂಡ್ ಇವತ್ತಿನ ಬೆಲೆ ಮೇಲೆ ಅಲ್ಲ, 1991ರ ಏಪ್ರಿಲ್ 1ರ ಬೆಲೆ ಮೇಲೆ. ಆಗ 40,000 ಪೌಂಡ್ ಒಳಗಿದ್ರೆ ಎ, 52,001ರಿಂದ 68,000 ಸಿ, 88,000ದವರೆಗೆ ಡಿ, 3,20,000 ದಾಟಿದ್ರೆ ಎಚ್. ಅವಸರದಲ್ಲಿ ಬೆಲೆ ಕಟ್ಟಿದ್ದು, ಎಷ್ಟೋ ಬೀದಿಗಳಲ್ಲಿ ಕಾರಿನಿಂದ ಇಳಿಯದೇ ನೋಡ್ಕೊಂಡು ಹೋಗಿದಾರೆ. ಎಚ್‌ನವರು ಕಟ್ಟೋದು ಎನವರ ಮೂರರಷ್ಟು ಮಾತ್ರ, ಮನೆ ಬೆಲೆ ಮೂವತ್ತರಷ್ಟು ಇದ್ರೂ. ವೇಲ್ಸ್‌ನವರು 2003ರ ಬೆಲೆಗೆ ಮತ್ತೆ ಲೆಕ್ಕ ಹಾಕಿದ್ರು. ಇಂಗ್ಲೆಂಡಲ್ಲಿ ಯಾವ ಪಕ್ಷವೂ ಕೈ ಹಾಕಿಲ್ಲ. ಹಾಕಿದ್ರೆ ಬ್ಯಾಂಡ್ ಇಳಿದವರು ಸುಮ್ಮನಿರ್ತಾರೆ, ಏರಿದವರು ವೋಟು ಹಾಕಲ್ಲ.

ಕರ್ನಾಟಕದಲ್ಲಿ ಮಾರ್ಗಸೂಚಿ ಬೆಲೆಗೆ ಕಂದಾಯ ಗಂಟು ಹಾಕಿದಾಗ ಎಲ್ಲರೂ ಬೈದ್ರಲ್ಲ, ನನಗಂತೂ ಅದು ಇದಕ್ಕಿಂತ ಮೇಲು ಅನ್ಸುತ್ತೆ.

ಅಬರ್ಡೀನ್ ಚಳಿ | 19 ಮಾರ್ಚ್, ರಾತ್ರಿ 9:40

ಸ್ಕಾಟ್ಲೆಂಡ್‌ಗೆ ಬನ್ನಿ. ನೀರು, ಒಳಚರಂಡಿ ಬಿಲ್ಲೂ ಕೌನ್ಸಿಲ್ ಟ್ಯಾಕ್ಸ್ ಜೊತೆಗೇ ಬರುತ್ತೆ. ಹೋದ ವರ್ಷ ಏರಿಸದೆ ಹಾಗೇ ಬಿಟ್ರು ಅಂತ ಖುಷಿ ಪಟ್ವಿ, ಈ ವರ್ಷ ಫಾಲ್ಕರ್ಕ್‌ನವರು ಶೇ 15.6 ಏರಿಸಿದಾರೆ. ಇಲ್ಲಿ ಜನಮತದ ಮಿತಿಯೂ ಇಲ್ಲ.

ಬೆಣ್ಣೆನಗರಿ | 20 ಮಾರ್ಚ್, ಬೆಳಗ್ಗೆ 10:25

ಬ್ಯಾಂಡ್ ತಪ್ಪು ಅನಿಸಿದ್ರೆ ಪ್ರಶ್ನೆ ಮಾಡಬಹುದು ಅಂತ ಯಾರೂ ಹೇಳಲಿಲ್ಲ. ಪಕ್ಕದ ಅದೇ ಥರದ ಮನೆಗಳ ಬ್ಯಾಂಡ್ ಆನ್‌ಲೈನಲ್ಲೇ ಸಿಗುತ್ತೆ. ಕೌನ್ಸಿಲ್‌ಗಲ್ಲ, ಬ್ಯಾಂಡ್ ಹಾಕೋ ವ್ಯಾಲ್ಯುಯೇಷನ್ ಆಫೀಸ್‌ಗೆ ಬರೀಬೇಕು. ಆದ್ರೆ ಹುಷಾರು, ಇಳಿಸಿ ಅಂತ ಹೋದ್ರೆ ಏರಿಸಿಬಿಡಲೂಬಹುದು, ಜೊತೆಗೆ ಪಕ್ಕದವರದ್ದೂ. ಆಮೇಲೆ ಬೀದೀಲಿ ಮುಖ ಕೊಟ್ಟು ಮಾತಾಡೋಕಾಗಲ್ಲ.

ನನ್ನ ಕತೆ ಹೇಳ್ತೀನಿ. ಯಜಮಾನರು ಹೋದ ಮೇಲೆ ಮನೇಲಿ ನಾನೊಬ್ಬಳೇ, ಒಬ್ಬರೇ ಇದ್ರೆ ಶೇ 25 ಕಮ್ಮಿ. ಹೋದ ಬೇಸಿಗೇಲಿ ದಾವಣಗೆರೆಯಿಂದ ಅಮ್ಮ ಬಂದು ನಾಲ್ಕು ತಿಂಗಳಿದ್ರು. ಯಾವುದೋ ಫಾರಂನಲ್ಲಿ ‘ಮನೇಲಿ ಎಷ್ಟು ಜನ’ ಅಂತಿತ್ತು, ಸುಳ್ಳು ಯಾಕೆ ಅಂತ ಎರಡು ಬರೆದೆ. ರಿಯಾಯಿತಿ ಕಿತ್ಕೊಂಡ್ರು! ನೋಡೋಕೆ ಬಂದವರು, ಖಾಯಂ ಮನೆ ಊರಲ್ಲೇ ಇದ್ರೆ, ಲೆಕ್ಕಕ್ಕೆ ಬರಲ್ಲ. ಅಮ್ಮನ ವೀಸಾ, ವಾಪಸ್ ಟಿಕೆಟ್, ಊರ ಮನೆಯ ಕರೆಂಟ್ ಬಿಲ್ಲು ಎಲ್ಲ ಕಳಿಸಿದೆ. ಕನ್ನಡದ ಕರೆಂಟ್ ಬಿಲ್ಲು ಅವರು ಏನು ಓದಿದ್ರೋ. ಏಳು ವಾರ, ಐದು ಫೋನು, ಆಮೇಲೆ ಸರಿ ಮಾಡಿದ್ರು.

ಹೇಮಾವತಿ ದಂಡೆ, ಒಂದು ಮಾತು ಕೇಳ್ತೀನಿ ತಮ್ಮ. ಮೊದಲ ಸಾಲಲ್ಲೇ ಹೆಂಡತಿ ಎಂಎಸ್ಸಿ ಅಂತ ಬರ್ದಿದೀಯ. ಫುಲ್ ಟೈಮಾ? ಮನೇಲಿ ನೀವಿಬ್ಬರೇನಾ?

ಹೇಮಾವತಿ ದಂಡೆ | 20 ಮಾರ್ಚ್, ಮಧ್ಯಾಹ್ನ 12:50

ಹೌದಕ್ಕಾ, ಫುಲ್ ಟೈಮ್. ಇಬ್ಬರೇ. ಯಾಕೆ?

ಬೆಣ್ಣೆನಗರಿ | 20 ಮಾರ್ಚ್, ಮಧ್ಯಾಹ್ನ 12:54

ಅಯ್ಯೋ ದೇವ್ರೇ. ಫುಲ್ ಟೈಮ್ ಓದೋರು ಲೆಕ್ಕಕ್ಕೇ ಬರಲ್ಲ ಕಣಪ್ಪ. ಅವಳನ್ನ ಬಿಟ್ರೆ ಮನೇಲಿ ನೀನೊಬ್ಬನೇ. ಶೇ 25 ಕಮ್ಮಿ ಆಗಬೇಕು. ನೀನು ತೊಂಬತ್ತಾರು ಪೌಂಡಿಗೆ ಅಳ್ತಾ ಕೂತಿದೀಯ, ಐನೂರ ಏಳೂವರೆ ಪೌಂಡ್ ಸುಮ್ಮನೆ ಕಟ್ಟೋಕೆ ಹೊರಟಿದೀಯ!

ಲೆಕ್ಕಪತ್ರ | 20 ಮಾರ್ಚ್, ಮಧ್ಯಾಹ್ನ 1:10

ನಾಚಿಕೆ ಆಗ್ತಿದೆ. ಇದೇ ನನ್ನ ಹೊಟ್ಟೆಪಾಡು, 4.99ರ ಹಿಂದೆ ಮೂರು ಪುಟ ಬರೆದೆ, ಮೊದಲ ಸಾಲನ್ನೇ ಸರಿಯಾಗಿ ಓದಲಿಲ್ಲ. ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಯೂನಿವರ್ಸಿಟಿಯಿಂದ ಕೌನ್ಸಿಲ್ ಟ್ಯಾಕ್ಸ್‌ಗೆ ಅಂತಲೇ ಒಂದು ಸರ್ಟಿಫಿಕೇಟ್ ಕೊಡ್ತಾರೆ, ಪೋರ್ಟಲ್‌ನಲ್ಲೇ ಸಿಗಬಹುದು. ಅದನ್ನ ಹಾಕಿ, ಕೋರ್ಸ್ ಶುರುವಾದ ದಿನದಿಂದಲೇ ಲೆಕ್ಕ ಹಾಕಿ ಅಂತ ಬರೀರಿ. ಇಬ್ಬರೂ ಸ್ಟೂಡೆಂಟ್ ಆಗಿದ್ರೆ ಪೂರ್ತಿ ಮಾಫಿ ಇರ್ತಿತ್ತು. ಕೋರ್ಸ್ ಮುಗಿದ ದಿನ ನೀವೇ ತಿಳಿಸಬೇಕು, ಮರೀಬೇಡಿ, ಆಮೇಲೆ ಬಾಕಿ ಅಂತ ಬರುತ್ತೆ.

ಧಾರವಾಡದಾಂವ | 20 ಮಾರ್ಚ್, ಸಂಜೆ 6:20

ಎಲ್ಲಾರೂ ಊರ ಬಜೆಟ್ ತಿದ್ದಾಕ ಹ್ವಾದ್ವಿ, ಅಕ್ಕಾವ್ರು ಮನಿ ಬಜೆಟ್ ತಿದ್ದಿದ್ರು.

ಹೇಮಾವತಿ ದಂಡೆ | 16 ಏಪ್ರಿಲ್, ರಾತ್ರಿ 8:45

ಎಲ್ಲರಿಗೂ ತಿಳಿಸೋಣ ಅಂತ. ಸರ್ಟಿಫಿಕೇಟ್ ಕಳಿಸಿ ಮೂರು ವಾರಕ್ಕೆ ಹೊಸ ಬಿಲ್ಲು ಬಂತು. ಈ ವರ್ಷಕ್ಕೆ 2,030ರ ಬದಲು 1,522.50. ಹನ್ನೆರಡು ಕಂತು ಕೇಳಿದ್ದೆ, ಅದೂ ಆಯ್ತು, ತಿಂಗಳಿಗೆ 127ರ ಹತ್ತಿರ. ಸೆಪ್ಟೆಂಬರ್ 16ರಿಂದ ಮಾರ್ಚ್ ಕೊನೇವರೆಗಿಂದು 261 ಪೌಂಡ್ ವಾಪಸ್ ನನ್ನ ಖಾತೆಗೇ ಜಮಾ ಮಾಡಿದಾರೆ. ಹೆಂಡತಿ ಅದರಲ್ಲಿ ಪ್ರೆಷರ್ ಕುಕ್ಕರ್ ತಗೊಂಡ್ಲು. ಬೆಣ್ಣೆನಗರಿ ಅಕ್ಕನಿಗೆ ಮೊದಲ ಬಿಸಿಬೇಳೆಬಾತ್ ಅಂತೆ, ಯಾವ ಊರು ಅಂತ ಮೆಸೇಜ್ ಮಾಡಿ.

ಶರಾವತಿ ಎಡದಂಡೆ | 16 ಏಪ್ರಿಲ್, ರಾತ್ರಿ 10:15

ಹೊಸ ಸದಸ್ಯೆ. ನಾನೂ ತಂಗಿಯೂ ಒಟ್ಟಿಗೆ ಇದ್ದೀವಿ, ಅವಳು ವಾರಕ್ಕೆ ಎರಡು ಸಂಜೆ ಕಾಲೇಜಿಗೆ ಹೋಗ್ತಾಳೆ. ನಮಗೂ ಸಿಗುತ್ತಾ?

ಲೆಕ್ಕಪತ್ರ | 16 ಏಪ್ರಿಲ್, ರಾತ್ರಿ 10:32

ಇಲ್ಲ. ವರ್ಷಕ್ಕೆ 24 ವಾರ, ವಾರಕ್ಕೆ ಸರಾಸರಿ 21 ಗಂಟೆ ಓದೋ ಕೋರ್ಸ್ ಆಗಿರಬೇಕು. ತಂಗಿಗೆ ವಯಸ್ಸೆಷ್ಟು? ಹದಿನೆಂಟರ ಒಳಗಿದ್ರೆ ಬೇರೆ ಲೆಕ್ಕ.

ಶರಾವತಿ ಎಡದಂಡೆ | 16 ಏಪ್ರಿಲ್, ರಾತ್ರಿ 10:34

ಮೂವತ್ತೊಂದು. ಕಟ್ತೀವಿ ಬಿಡಿ.